ಹಲ್ಲಿನ ಕಲೆಗೆ ಮಗುವನ್ನು ಬೈಯಬೇಡಿ

‘ಹಲ್ಲುಜ್ಜು ಅಂದ್ರೆ ಓಡಿ ಹೋಗ್ತಾನೆ ಡಾಕ್ಟ್ರೇ, ನೋಡಿ ಹೇಗೆ ಹಳದಿ ಹಿಡಿದಿದೆ!’

ಅತ್ತಿಗುಪ್ಪೆಯಂಥ ಬಡಾವಣೆಯ ಯಾವುದೇ ದಂತ ಚಿಕಿತ್ಸಾಲಯದಲ್ಲಿ ಕೇಳಿಬರಬಹುದಾದ ದೂರು ಇದು. ಎರಡನೇ ಕ್ಲಾಸಿನ ಹುಡುಗ ತಲೆ ತಗ್ಗಿಸಿ ನಿಲ್ಲುತ್ತಾನೆ. ಆದರೆ ಎಷ್ಟೋ ಸಲ ತಪ್ಪು ಅವನದಾಗಿರುವುದಿಲ್ಲ.

ಹಲ್ಲಿನ ಹೊರಕವಚವೇ ಎನಾಮಲ್. ನಮ್ಮ ದೇಹದಲ್ಲಿ ಇದಕ್ಕಿಂತ ಗಟ್ಟಿಯಾದ ವಸ್ತು ಬೇರೊಂದಿಲ್ಲ. ಅದರ ತೂಕದಲ್ಲಿ ಶೇಕಡ 96ರಷ್ಟು ಖನಿಜಾಂಶ. ಆದರೆ ಹಲ್ಲು ಹುಟ್ಟುವ ಹೊತ್ತಿಗೆ ಅದನ್ನು ಕಟ್ಟಿದ ಜೀವಕೋಶಗಳು ಅಳಿದುಹೋಗಿರುತ್ತವೆ. ಹಾಗಾಗಿ ಮುರಿದ ಮೂಳೆ ಕೂಡಿಕೊಳ್ಳುವಂತೆ ಎನಾಮಲ್ ಮತ್ತೆ ಬೆಳೆಯದು.

ಆರನೇ ವರ್ಷಕ್ಕೆ ಹಾಲುಹಲ್ಲುಗಳ ಹಿಂದೆ ನಾಲ್ಕು ದವಡೆಹಲ್ಲುಗಳು ಹುಟ್ಟುತ್ತವೆ. ಯಾವ ಹಲ್ಲೂ ಬೀಳದೆ ಇವು ಬರುವುದರಿಂದ ‘ಹಾಲುಹಲ್ಲು ತಾನೆ, ಬಿದ್ದುಹೋಗುತ್ತೆ’ ಎಂದು ಪಾಲಕರು ಸುಮ್ಮನಾಗುತ್ತಾರೆ. ಇವು ಶಾಶ್ವತ ಹಲ್ಲುಗಳು! ಇವುಗಳ ಎನಾಮಲ್ ತಯಾರಾಗುವುದು ಮಗು ಹುಟ್ಟಿದಾಗಿನಿಂದ ಸುಮಾರು ಮೂರು ವರ್ಷದವರೆಗೆ. ಆ ಅವಧಿಯಲ್ಲಿ ಪದೇ ಪದೇ ಬಂದ ಜ್ವರ, ಕಾಯಿಲೆಗಳಿಂದ ಎನಾಮಲ್ ಮೆತ್ತಗಾಗಿ ಉಳಿಯಬಹುದು. ಮುಂದಿನ ಬಾಚಿಹಲ್ಲುಗಳಲ್ಲೂ ಬಿಳಿ, ಹಳದಿ ಅಥವಾ ಕಂದು ಮಚ್ಚೆ ಕಾಣಬಹುದು. ಈ ದೋಷಕ್ಕೆ 2001ರಲ್ಲಿ ವೈದ್ಯರು ‘ಮೋಲಾರ್ ಇನ್ಸೈಜರ್ ಹೈಪೊಮಿನರಲೈಸೇಷನ್’ ಎಂದು ಹೆಸರಿಟ್ಟರು.

ಇಂಥ ಹಲ್ಲಿಗೆ ತಣ್ಣೀರು ತಾಗಿದರೂ ಜುಂ ಎನ್ನುತ್ತದೆ. ಬ್ರಷ್ ತಾಗಿದರೆ ನೋವು. ಅದಕ್ಕೇ ಮಗು ಉಜ್ಜಲು ಒಲ್ಲದು. ಉಜ್ಜದಿದ್ದರಿಂದ ಕಲೆ ಬಂದದ್ದಲ್ಲ, ಹಲ್ಲು ನೋಯುವುದರಿಂದ ಉಜ್ಜುತ್ತಿಲ್ಲ! ಒರಟಾದ ಜಾಗದಲ್ಲಿ ಬಿಸ್ಕತ್ತು, ಚಾಕೊಲೇಟಿನ ಅಂಶ ನಿಂತು, ಬ್ಯಾಕ್ಟೀರಿಯಾಗಳು ಅದನ್ನು ಆಮ್ಲವಾಗಿಸಿ, ಹಲ್ಲು ಬೇಗ ಹುಳುಕಾಗುತ್ತದೆ.

ಎಲ್ಲ ಕಲೆಯೂ ಇದೇ ಅಲ್ಲ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆ ಕೊಳವೆಬಾವಿ ನೀರು ಕುಡಿದು ಬೆಳೆದ ಮಕ್ಕಳಲ್ಲಿ ಫ್ಲೋರೋಸಿಸ್ ಕಲೆ ಸಾಮಾನ್ಯ. ಅದು ಎರಡೂ ಬದಿಯ ಹಲ್ಲುಗಳಲ್ಲಿ ಒಂದೇ ತೆರನಾಗಿ ಹರಡಿರುತ್ತದೆ. ಕುಡಿಯುವ ನೀರಿನ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಕುದಿಸಿದರೆ ಅದು ಹೋಗದು. ಮನೆಯಲ್ಲಿ ಕೊಳವೆಬಾವಿ ನೀರನ್ನೇ ಕುಡಿಯುತ್ತಿದ್ದರೆ ಒಮ್ಮೆ ಪರೀಕ್ಷೆ ಮಾಡಿಸಿ.

ಪಾಲಕರು ಮಾಡಬೇಕಾದ್ದು ಇಷ್ಟು. ಆರು ತುಂಬುತ್ತಲೇ ಬೆಳಕಿನಲ್ಲಿ ಮಗುವಿನ ಹಿಂದಿನ ಹಲ್ಲು ನೋಡಿ. ಕಲೆ ಕಂಡರೆ ನೋವು ಬರುವವರೆಗೆ ಕಾಯಬೇಡಿ. ಫ್ಲೋರೈಡ್ ವಾರ್ನಿಷ್ ಹಚ್ಚಿ, ಹಲ್ಲಿನ ಗೆರೆಗಳಿಗೆ ಸೀಲೆಂಟ್ ತುಂಬಿದರೆ ಹಲವು ಹಲ್ಲುಗಳನ್ನು ಉಳಿಸಬಹುದು. ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ. ಅತ್ತಿಗುಪ್ಪೆಯಿಂದ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ, ಮಾರುಕಟ್ಟೆಯಲ್ಲಿ ಇಳಿದರೆ ಹತ್ತಿರ.

ಮಕ್ಕಳೇ, ನೀವೂ ಒಂದು ಕೆಲಸ ಮಾಡಿ. ರಾತ್ರಿ ಮಲಗುವ ಮುನ್ನ ಫ್ಲೋರೈಡ್ ಪೇಸ್ಟಿನಿಂದ ಮೆತ್ತನೆಯ ಬ್ರಷ್‌ನಲ್ಲಿ ಉಜ್ಜಿ, ನೊರೆ ಉಗುಳಿ, ಬಾಯಿ ಮುಕ್ಕಳಿಸದೆ ಹಾಗೇ ಬಿಡಿ. ತಣ್ಣೀರು ಜುಂ ಎಂದರೆ ಉಗುರುಬೆಚ್ಚಗಿನ ನೀರು ಬಳಸಿ. ಹಲ್ಲು ನೋಯುತ್ತಿದ್ದರೆ ಮುಚ್ಚಿಡದೆ ಅಮ್ಮನಿಗೆ ಹೇಳಿ. ಹೇಳಿದಾಗ ಅಮ್ಮ ಬೈಯದಿರಲಿ!