ಎರಡನೆಯ ಕೀಲಿಕೈ ಎಲ್ಲಿದೆ?

ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಎರಡು ಮೂರು ಗಂಟೆಗಳ ಕಾಲ ನಿಂತ ಕಾರಿನೊಳಗೆ ಕುಳಿತವರಿಗೆ ರಿಮೋಟ್ ಸ್ಟಾರ್ಟ್ ಸೌಲಭ್ಯದ ಆಕರ್ಷಣೆಯನ್ನು ವಿವರಿಸಬೇಕಾಗಿಲ್ಲ. ದೂರದಲ್ಲಿ ನಿಂತು ಗುಂಡಿಯೊತ್ತಿದರೆ ಎಂಜಿನ್ ಚಾಲನೆಗೊಂಡು, ಮಾಲೀಕರು ಬರುವಷ್ಟರಲ್ಲಿ ಒಳಭಾಗ ತಂಪಾಗಿರುತ್ತದೆ. ಕೆನಡಾದಂತಹ ಹಿಮದ ದೇಶಗಳಲ್ಲಿ ಕಾರನ್ನು ಬೆಚ್ಚಗಾಗಿಸಲು ಜನಪ್ರಿಯವಾದ ಈ ಉಪಕರಣ ನಮ್ಮ ನಾಡಿನಲ್ಲಿ ಕಾರನ್ನು ತಂಪಾಗಿಸಲು ಮಾರಾಟವಾಗುತ್ತಿದೆ. 2019ರಿಂದೀಚೆಗೆ ಭಾರತದಲ್ಲಿ ಮಾರಾಟವಾದ ಕೆಲವು ಕಾರುಗಳಲ್ಲಿ ಇದು ಕಾರ್ಖಾನೆಯಿಂದಲೇ ಅಳವಡಿಕೆಯಾಗಿ ಬರುತ್ತದೆ. ಆದರೆ ಅದು ಬಹುಮಟ್ಟಿಗೆ ದುಬಾರಿ ಮಾದರಿಗಳಿಗೆ ಸೀಮಿತವಾಗಿರುವುದರಿಂದ, ಉಳಿದವರು ಬಿಡಿಭಾಗದ ಅಂಗಡಿಗಳತ್ತ ಮುಖ ಮಾಡುವುದು ಸಹಜ. ತೊಡಕು ಆರಂಭವಾಗುವುದು ಅಲ್ಲಿಂದಲೇ.

ಇಂದಿನ ಬಹುತೇಕ ಕಾರುಗಳಲ್ಲಿ ಇಮ್ಮೊಬಿಲೈಸರ್ ಎಂಬ ಕಳ್ಳತನ ನಿರೋಧಕ ವ್ಯವಸ್ಥೆಯಿದೆ. ಕೀಲಿಕೈಯ ತಲೆಯಲ್ಲಿ ಒಂದು ಪುಟ್ಟ ಚಿಪ್ ಇರುತ್ತದೆ. ಇಗ್ನಿಷನ್ ಬೀಗದ ಸುತ್ತಲಿನ ತಂತಿಸುರುಳಿಯಿಂದಲೇ ಶಕ್ತಿ ಪಡೆದು ಅದು ತನ್ನ ಗುರುತನ್ನು ತಿಳಿಸುತ್ತದೆ. ಗುರುತು ಸರಿಹೊಂದಿದರೆ ಮಾತ್ರ ಎಂಜಿನ್ನಿನ ನಿಯಂತ್ರಣ ಘಟಕ ಚಾಲನೆಗೆ ಅನುಮತಿ ನೀಡುತ್ತದೆ. ಲೋಹದ ಕೀಲಿಯನ್ನು ನಕಲು ಮಾಡಿದವನಿಗೂ ಎಂಜಿನ್ ಒಲಿಯುವುದಿಲ್ಲ. ರಿಮೋಟ್ ಸ್ಟಾರ್ಟ್ ಮಾಡುವಾಗ ಬೀಗದಲ್ಲಿ ಕೀಲಿಕೈಯೇ ಇರುವುದಿಲ್ಲವಾದ್ದರಿಂದ, ಈ ಕಾವಲುಗಾರನನ್ನು ಹೇಗಾದರೂ ನಂಬಿಸಬೇಕಾಗುತ್ತದೆ. ಇದಕ್ಕೆಂದೇ ತಯಾರಾದ ವಿದ್ಯುನ್ಮಾನ ಘಟಕಗಳಿವೆ. ಅಗ್ಗದ ದಾರಿಯೆಂದರೆ ಮಾಲೀಕರ ಎರಡನೆಯ ಕೀಲಿಕೈಯನ್ನೋ ಅದರ ಚಿಪ್ಪನ್ನೋ ಡ್ಯಾಶ್‌ಬೋರ್ಡಿನೊಳಗೆ ಅಡಗಿಸಿಡುವುದು. ಆ ಚಿಪ್ ಸದಾ ಬೀಗದ ಬಳಿಯೇ ಇದ್ದರೆ ಕಾವಲು ಸದಾ ನಿದ್ರಿಸುತ್ತಿರುತ್ತದೆ. ಉಳಿಯುವುದು ಲೋಹದ ಬೀಗವೊಂದೇ.

ಕೈಲಾಂಚ ಹೋಬಳಿಯ ಒಬ್ಬ ರೇಷ್ಮೆ ರೀಲರನ್ನು ಉದಾಹರಣೆಗೆಂದು ಊಹಿಸಿಕೊಳ್ಳಬಹುದು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಮುಗಿಯುವವರೆಗೆ ಅವರ ಕಾರು ಬಿಸಿಲಿನಲ್ಲಿ ನಿಂತಿರುತ್ತದೆ. 12,000 ರೂಪಾಯಿ ಕೊಟ್ಟು, ಬಿಲ್ಲಿಲ್ಲದೆ, ಎರಡನೆಯ ಕೀಲಿಕೈಯನ್ನು ಒಳಗಿರಿಸಿ ಅವರು ರಿಮೋಟ್ ಸ್ಟಾರ್ಟ್ ಅಳವಡಿಸಿಕೊಂಡರೆಂದು ಭಾವಿಸೋಣ. ಕಾರಿನ ವಿಮಾ ಮೌಲ್ಯ 8,00,000 ರೂಪಾಯಿ. ಬ್ಯಾಂಕಿನ ಸಾಲದ ಬಾಕಿ 5,50,000 ರೂಪಾಯಿ. ಒಂದು ದಿನ ಕಾರು ಕಳುವಾಗುತ್ತದೆ. ಪೊಲೀಸ್ ದೂರಿನ ಪ್ರತಿ, ನೋಂದಣಿ ಪತ್ರಗಳ ಜೊತೆಗೆ ವಿಮಾ ಕಂಪನಿಗಳು ಸಾಮಾನ್ಯವಾಗಿ ಕೇಳುವುದು ಕಾರಿನ ಎರಡೂ ಮೂಲ ಕೀಲಿಕೈಗಳನ್ನು. ರೀಲರ ಬಳಿ ಇರುವುದು ಒಂದೇ. ಇನ್ನೊಂದು ಕಳುವಾದ ಕಾರಿನೊಂದಿಗೇ ಹೋಗಿದೆ!

ವಾಹನದ ರಕ್ಷಣೆಗೆ ವಿಮಾದಾರನು ಸೂಕ್ತವಾದ ಎಲ್ಲ ಕ್ರಮಗಳನ್ನು ಕೈಗೊಳ್ಳತಕ್ಕದ್ದು ಎಂಬ ಷರತ್ತು ಪ್ರತಿಯೊಂದು ಮೋಟಾರು ಪಾಲಿಸಿಯಲ್ಲೂ ಇದೆ. ಕಂಪನಿ ಬೊಟ್ಟು ಮಾಡಿ ತೋರಿಸುವುದು ಇದನ್ನೇ. ಈ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯ ಪಾಲಿಸಿದಾರರ ಬಗ್ಗೆ ಸಹಾನುಭೂತಿ ತೋರಿದೆ ಎಂಬುದು ನಿಜ. 2008ರ ನಿತಿನ್ ಖಂಡೇಲ್ವಾಲ್ ಪ್ರಕರಣದಲ್ಲಿ, ಕಳವಿನ ಸಂದರ್ಭದಲ್ಲಿ ಷರತ್ತಿನ ಉಲ್ಲಂಘನೆಯೊಂದನ್ನೇ ಮುಂದಿಟ್ಟು ಪರಿಹಾರವನ್ನು ಸಂಪೂರ್ಣವಾಗಿ ನಿರಾಕರಿಸಲಾಗದೆಂದು ಹೇಳಿ, ಶೇ. 75ರಷ್ಟು ಪರಿಹಾರವನ್ನು ಎತ್ತಿಹಿಡಿಯಿತು. ಚಾಲಕನು ಕೀಲಿಕೈಯನ್ನು ಲಾರಿಯಲ್ಲೇ ಬಿಟ್ಟಿದ್ದ ಪ್ರಕರಣವೊಂದರಲ್ಲಿ 2023ರಲ್ಲಿಯೂ ಶೇ. 75ರ ಪರಿಹಾರವನ್ನೇ ನೀಡಿತು. ಆದರೆ ಈ ಎರಡೂ ಪ್ರಕರಣಗಳ ಪರಿಹಾರ ದೊರೆತದ್ದು ವರ್ಷಗಟ್ಟಲೆ ವ್ಯಾಜ್ಯ ನಡೆಸಿದ ಬಳಿಕ ಎಂಬುದನ್ನು ಮರೆಯಬಾರದು.

ಲೆಕ್ಕ ಹೀಗಿದೆ. ಇತರ ಕಡಿತಗಳನ್ನು ಬದಿಗಿಟ್ಟರೆ, ಪೂರ್ಣ ಪರಿಹಾರ ದೊರೆತಿದ್ದಲ್ಲಿ ಸಾಲ ತೀರಿ ರೀಲರ ಕೈಯಲ್ಲಿ 2,50,000 ರೂಪಾಯಿ ಉಳಿಯುತ್ತಿತ್ತು. ಶೇ. 75 ಎಂದರೆ 6,00,000. ಸಾಲ ತೀರಿಸಿದ ಮೇಲೆ ಉಳಿಯುವುದು 50,000. ಕಂಪನಿ ಪೂರ್ತಿ ನಿರಾಕರಿಸಿದರೆ ಕಾರೂ ಇಲ್ಲ, ಹಣವೂ ಇಲ್ಲ; ಸಾಲದ ಕಂತು ಮಾತ್ರ ತಿಂಗಳು ತಪ್ಪದೆ ಬರುತ್ತದೆ. 12,000 ರೂಪಾಯಿಯ ತಂಪಿಗೆ ತೆರಬಹುದಾದ ಬೆಲೆ ಕನಿಷ್ಠ ಎರಡು ಲಕ್ಷ.

ಕಾನೂನಿನ ಮತ್ತೊಂದು ಮುಖವನ್ನೂ ನೋಡಬೇಕು. ಮೋಟಾರು ವಾಹನ ಕಾಯಿದೆ 1988ರ 52ನೆಯ ಕಲಂ ನೋಂದಣಿ ಪತ್ರದ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡನ್ನು ನಿಷೇಧಿಸುತ್ತದೆ. ಇಮ್ಮೊಬಿಲೈಸರಿನ ಉಲ್ಲೇಖ ನೋಂದಣಿ ಪತ್ರದಲ್ಲಿಲ್ಲವಾದ್ದರಿಂದ ಈ ಕಲಂ ನೇರವಾಗಿ ಅನ್ವಯಿಸದು ಎಂದು ವಾದಿಸಬಹುದು. ಆದರೆ 126ನೆಯ ಕಲಂ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಸಾರ್ವಜನಿಕ ಸ್ಥಳದಲ್ಲಿ ನಿಂತ ವಾಹನದ ಚಾಲಕನ ಆಸನದಲ್ಲಿ ಪರವಾನಗಿ ಹೊಂದಿದವರು ಇರಬೇಕು. ಇಲ್ಲವಾದರೆ ಎಂಜಿನ್ ನಿಲ್ಲಿಸಿ, ವಾಹನ ತಾನಾಗಿ ಚಲಿಸದಂತೆ ಬ್ರೇಕ್ ಮುಂತಾದ ಏರ್ಪಾಡು ಮಾಡಿರಬೇಕು ಎಂಬುದು ಅದರ ಸಾರಾಂಶ. ರಸ್ತೆಬದಿಯಲ್ಲಿ ಖಾಲಿ ಕಾರನ್ನು ರಿಮೋಟಿನಿಂದ ಚಾಲನೆಗೊಳಿಸುವುದು ಈ ನಿಯಮಕ್ಕೆ ಹೊಂದುವುದಿಲ್ಲ. ಈ ಮಾತು ಕಾರ್ಖಾನೆಯಿಂದಲೇ ಬಂದ ಸೌಲಭ್ಯಕ್ಕೂ ಅನ್ವಯಿಸುತ್ತದೆ. ಕೈಯಿಂದ ಗೇರ್ ಬದಲಿಸುವ ಕಾರನ್ನು ಗೇರಿನಲ್ಲೇ ನಿಲ್ಲಿಸುವ ಅಭ್ಯಾಸ ನಮ್ಮಲ್ಲಿ ವ್ಯಾಪಕವಾಗಿದೆ. ಅಂತಹ ಕಾರು ರಿಮೋಟಿನ ಆಜ್ಞೆಗೆ ಮುಂದಕ್ಕೆ ಜಿಗಿದರೆ ಎದುರಿಗಿರುವವರ ಗತಿಯೇನು? ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿದರೆ ತುಂಬುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಸ್ವಂತ ಹಣದಿಂದ ಕೊಂಡ ಕಾರಿನಲ್ಲಿ ಬೇಕಾದುದನ್ನು ಅಳವಡಿಸಿಕೊಳ್ಳುವ ಹಕ್ಕು ಮಾಲೀಕರಿಗಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದುದೇ. ಇದೇ ತಾಲ್ಲೂಕಿನ ಬಿಡದಿಯಲ್ಲಿ 1999ರಿಂದ ಕಾರುಗಳು ತಯಾರಾಗುತ್ತಿದ್ದರೂ, ಸಣ್ಣ ವರ್ತಕರು ಕೊಳ್ಳುವ ಅಗ್ಗದ ಮಾದರಿಗಳಿಗೆ ಇಂತಹ ಅನುಕೂಲಗಳು ಬಹಳ ತಡವಾಗಿ ತಲಪುತ್ತವೆ ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಆದರೆ ವಿಮೆ ಎಂಬುದು ಇಬ್ಬರ ನಡುವಿನ ಒಪ್ಪಂದ. ಒಬ್ಬರು ಅಪಾಯವನ್ನು ಗುಟ್ಟಾಗಿ ಹೆಚ್ಚಿಸಿ, ಹಳೆಯ ಪ್ರೀಮಿಯಮ್ಮಿನಲ್ಲೇ ರಕ್ಷಣೆ ಬಯಸುವುದು ವ್ಯಾಪಾರ ಧರ್ಮವಲ್ಲ. ಈ ವ್ಯವಸ್ಥೆಗೆ ಜಗತ್ತು ಕೊಡುವ ಬೆಲೆಯನ್ನೂ ಗಮನಿಸಬೇಕು. ಕೆನಡಾ 2007ರಲ್ಲಿ ಹೊಸ ಕಾರುಗಳಿಗೆ ಇಮ್ಮೊಬಿಲೈಸರ್ ಕಡ್ಡಾಯಗೊಳಿಸಿತು. ಅಮೆರಿಕದಲ್ಲಿ ಅದಿಲ್ಲದ ಕೆಲವು ಹ್ಯುಂಡೈ ಮತ್ತು ಕಿಯಾ ಮಾದರಿಗಳ ಕಳವು 2021ರ ನಂತರ ಮಿತಿಮೀರಿದಾಗ, 2023ರಲ್ಲಿ ಕೆಲವು ನಗರಗಳಲ್ಲಿ ಅಂತಹ ಕಾರುಗಳಿಗೆ ಹೊಸ ಪಾಲಿಸಿ ನೀಡಲು ವಿಮಾ ಕಂಪನಿಗಳೇ ಹಿಂಜರಿದವು.

ಹಾಗಾದರೆ ವರ್ತಕರು ಮಾಡಬೇಕಾದುದೇನು? ರಿಮೋಟ್ ಸ್ಟಾರ್ಟ್ ಬೇಕೇ ಬೇಕೆನ್ನುವವರು ಅದನ್ನು ಕಾರ್ಖಾನೆಯ ಅಳವಡಿಕೆಯಾಗಿ ಪಡೆಯುವುದು ಉತ್ತಮ. ಹೊರಗಿನಿಂದ ಹಾಕಿಸುವುದಾದರೆ ಎರಡನೆಯ ಕೀಲಿಕೈಯನ್ನು ಯಾವ ಕಾರಣಕ್ಕೂ ಕಾರಿನೊಳಗೆ ಬಿಡಬಾರದು. ವಾರಂಟಿಯ ಬಗ್ಗೆ ಅಧಿಕೃತ ಡೀಲರರಿಂದ ಮೊದಲೇ ಲಿಖಿತ ಉತ್ತರ ಪಡೆಯಬೇಕು. ಉಪಕರಣದ ಹೆಸರು ನಮೂದಾದ ಬಿಲ್ ಪಡೆಯಬೇಕು. ಹದಿಮೂರು ಆಸನಗಳವರೆಗಿನ ಕಾರುಗಳ ಮೇಲೆ ಕೆಲವು ಅಪವಾದಗಳ ಹೊರತು ಜಿಎಸ್‌ಟಿ ಹೂಡುವಳಿ ತೆರಿಗೆ ಜಮೆ ಸಿಗದೆಂಬ ಕಾರಣಕ್ಕೆ ಬಿಲ್ ಬೇಡವೆನ್ನುವುದು ತಪ್ಪು ಲೆಕ್ಕ. ಬಿಲ್ಲಿಲ್ಲದ ಖರ್ಚನ್ನು ಪುಸ್ತಕಕ್ಕೆ ಸೇರಿಸಲಾಗದು, ವಿಮೆಯವರ ಮುಂದೆಯೂ ಇಡಲಾಗದು. ವಿಮಾ ಕಂಪನಿಗೆ ಪತ್ರ ಬರೆದು, ಹೊಸ ಉಪಕರಣವನ್ನು ಪಾಲಿಸಿಯಲ್ಲಿ ನಮೂದಿಸಿಕೊಳ್ಳುವಂತೆ ಕೋರಬೇಕು. ಹೊರಗಿನ ವಿದ್ಯುನ್ಮಾನ ಉಪಕರಣಗಳಿಗೆ 2002ರ ಮೋಟಾರು ಟ್ಯಾರಿಫ್ ಅವುಗಳ ಮೌಲ್ಯದ ಶೇ. 4ರ ಹೆಚ್ಚುವರಿ ಪ್ರೀಮಿಯಂ ಗೊತ್ತುಪಡಿಸಿತ್ತು. ಆ ದರದಲ್ಲಿ ನೋಡಿದರೂ 12,000 ರೂಪಾಯಿಯ ಉಪಕರಣಕ್ಕೆ ವರ್ಷಕ್ಕೆ 480 ರೂಪಾಯಿ ಮಾತ್ರ.

ಬಿಡಿಭಾಗಗಳ ವ್ಯಾಪಾರಿಗಳ ಹೊಣೆಯೂ ಕಡಿಮೆಯಲ್ಲ. ಗ್ರಾಹಕರ ಕೀಲಿಕೈಯನ್ನು ಕಾರಿನೊಳಗೆ ಅಡಗಿಸುವ ಮೊದಲು ಅದರ ಪರಿಣಾಮವನ್ನು ತಿಳಿಸಿ ಹೇಳುವುದು ಅವರ ಕರ್ತವ್ಯ. ಕಳವಾದ ದಿನ ಗ್ರಾಹಕರು ಮೊದಲು ಬಂದು ನಿಲ್ಲುವುದು ಅವರ ಅಂಗಡಿಯ ಮುಂದೆಯೇ. ವಾಣಿಜ್ಯ ಸಂಸ್ಥೆಯೂ ವಿಮಾ ಕಂಪನಿಗಳ ಪ್ರತಿನಿಧಿಗಳನ್ನು ಆಹ್ವಾನಿಸಿ, ಇಂತಹ ಅಳವಡಿಕೆಗಳ ಬಗ್ಗೆ ಅವರ ನಿಲುವನ್ನು ಲಿಖಿತವಾಗಿ ಪಡೆದು ಸದಸ್ಯರಿಗೆ ತಲಪಿಸಿದರೆ ಅನೇಕ ವ್ಯಾಜ್ಯಗಳು ತಪ್ಪಬಹುದು. ಅಲ್ಲಿಯವರೆಗೆ, ಈಗಾಗಲೇ ಈ ಉಪಕರಣ ಹಾಕಿಸಿಕೊಂಡಿರುವ ಪ್ರತಿಯೊಬ್ಬ ಸದಸ್ಯರೂ ಇಂದು ಸಂಜೆ ಮನೆಗೆ ಹೋದೊಡನೆ ಎರಡನೆಯ ಕೀಲಿಕೈ ಬೀರುವಿನಲ್ಲಿದೆಯೋ ಇಲ್ಲವೋ ಎಂದು ನೋಡಿಕೊಳ್ಳುವುದು ಒಳ್ಳೆಯದು.