ತಮ್ಮನ ತೊಟ್ಟಿಲು, ಅಕ್ಕನ ಗೈರು

ಹಾಜರಿ ಪುಸ್ತಕ ಸುಳ್ಳು ಹೇಳುವುದಿಲ್ಲ. ಆದರೆ ಅದು ಹೇಳುವುದು ಅರ್ಧ ಸತ್ಯವನ್ನಷ್ಟೇ. ಎಂಟನೆಯ ತರಗತಿಯ ಹುಡುಗಿಯೊಬ್ಬಳ ಹೆಸರಿನ ಮುಂದೆ, ಅಡಿಕೆ ಸುಲಿಯುವ ಕಾಲದಲ್ಲಿ ವಾರಕ್ಕೆ ಎರಡು ಮೂರು ಗೈರು ಬೀಳುತ್ತಿತ್ತು. ಒಂದು ದಿನ ನಿಲ್ಲಿಸಿ ಗದರಿದೆ.

"ಅಮ್ಮ ಸುಲಿಯಲಿಕ್ಕೆ ಹೋಗ್ತಾರೆ ಸರ್. ತಮ್ಮನನ್ನು ನೋಡಿಕೊಳ್ಳಲಿಕ್ಕೆ ಮನೆಯಲ್ಲಿ ಜನ ಇಲ್ಲ."

ತಮ್ಮನಿಗೆ ಒಂದೂವರೆ ವರ್ಷ. ಅಂಗನವಾಡಿಯಲ್ಲಿ ಕೂರಲು ಇನ್ನೂ ಒಂದೂವರೆ ವರ್ಷ ಬಾಕಿ. ಅಡಿಕೆ ಸುಲಿಯುವ ಕತ್ತಿಯ ಪಕ್ಕದಲ್ಲಿ ಕೂಸನ್ನು ಬಿಡುವಂತೆಯೂ ಇಲ್ಲ. ಗದರಿದ ನನಗೆ ಮುಂದೆ ಮಾತು ಬರಲಿಲ್ಲ.

ಶಕ್ತಿ ನಾಶವಾಗುವುದಿಲ್ಲ, ರೂಪ ಬದಲಿಸುತ್ತದೆ ಎಂದು ನಾವು ತರಗತಿಯಲ್ಲಿ ಹೇಳುತ್ತೇವೆ. ಮಗುವನ್ನು ನೋಡಿಕೊಳ್ಳುವ ಖರ್ಚೂ ಹಾಗೆಯೇ. ಅದು ಇಲ್ಲವಾಗುವುದಿಲ್ಲ, ಹೆಗಲು ಬದಲಿಸುತ್ತದೆ. ತಾಯಿ ಮನೆಯಲ್ಲಿ ಉಳಿದರೆ ಅವಳ ಕೂಲಿ ಹೋಯಿತು. ಆಯಾ ಇಟ್ಟರೆ ದಿನದ ದುಡಿಮೆ ಆಯಾಳಿಗೇ ಸರಿ. ಅಜ್ಜಿ ಇದ್ದರೆ ಅವಳ ಸೊಂಟದ ಮೇಲೆ ಬಿತ್ತು. ಯಾರೂ ಇಲ್ಲದಿದ್ದರೆ ದೊಡ್ಡ ಮಗಳ ಪಾಠದ ಮೇಲೆ ಬಿತ್ತು. ಆ ಪಾಠದ ಬೆಲೆಯನ್ನು ಯಾವ ಬಜೆಟ್ಟಿನಲ್ಲೂ ಬರೆಯುವುದಿಲ್ಲ.

ಸರಕಾರ ಏನೂ ಮಾಡಿಲ್ಲವೆಂದು ಹೇಳುವಂತಿಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ನಮ್ಮ ರಾಜ್ಯದ ಟಿ. ನರಸೀಪುರವೂ ಅದರಲ್ಲಿ ಸೇರಿತ್ತು. ಇಂದು ಅಂಗನವಾಡಿ ಇಲ್ಲದ ಊರು ಹುಡುಕಬೇಕು. ಆದರೆ ಅಲ್ಲಿ ದಿನವಿಡೀ ಕೂತು ಉಣ್ಣುವುದು, ಆಡುವುದು ಮೂರು ತುಂಬಿದ ಮಕ್ಕಳು. ಅದಕ್ಕಿಂತ ಚಿಕ್ಕವರಿಗೆ ಸಿಗುವುದು ಮನೆಗೆ ಒಯ್ಯುವ ಆಹಾರದ ಪೊಟ್ಟಣ. ಹುಟ್ಟುವಾಗ ಮುನ್ನೂರೈವತ್ತು ಗ್ರಾಮಿನ ಆಸುಪಾಸಿನಲ್ಲಿರುವ ಮಿದುಳು ಮೂರು ವರ್ಷ ತುಂಬುವಷ್ಟರಲ್ಲಿ ಒಂದು ಕಿಲೋ ದಾಟಿರುತ್ತದೆ. ಮಾತು, ಆಟ, ಆರೈಕೆ ಬಹಳ ಬೇಕಾದ ಆ ವಯಸ್ಸಿಗೇ ಹಗಲಿನಲ್ಲಿ ಕೂರಲು ಜಾಗವಿಲ್ಲ.

ಕಾನೂನುಗಳನ್ನು ನೋಡಿ. 1948ರ ಕಾರ್ಖಾನೆ ಕಾಯ್ದೆ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಶಿಶುಪಾಲನಾ ಕೋಣೆ ಇರಬೇಕೆಂದಿತು. 1951ರ ತೋಟ ಕಾರ್ಮಿಕರ ಕಾಯ್ದೆಯೂ ಅದನ್ನೇ ಹೇಳಿತು. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಯನ್ನು ತಿದ್ದಿ, ರಜೆಯನ್ನು 26 ವಾರಕ್ಕೆ ಏರಿಸಿ, 50 ನೌಕರರಿರುವ ಸಂಸ್ಥೆಗೆ ಶಿಶುಪಾಲನಾ ಕೇಂದ್ರ ಕಡ್ಡಾಯ ಮಾಡಿದರು. ಎಲ್ಲವೂ ಒಳ್ಳೆಯದೇ. ಆದರೆ ಇವೆಲ್ಲ ಹುಡುಕುವುದು ಒಂದು ಗೇಟು, ಒಂದು ಹಾಜರಿ ಪಟ್ಟಿ. ಬೆಟ್ಟಂಪಾಡಿಯ ಕಡೆ ಅಡಿಕೆ ಸುಲಿಯುವುದು ಯಾರದೋ ಅಂಗಳದಲ್ಲಿ, ಬೀಡಿ ಕಟ್ಟುವುದು ಮನೆಯ ಜಗಲಿಯಲ್ಲಿ. ಜಗಲಿಗೆ ಗೇಟೆಲ್ಲಿ? ಅಲ್ಲಿ 50 ಮಂದಿಯನ್ನು ಎಣಿಸುವವರು ಯಾರು?

2005ರ ಉದ್ಯೋಗ ಖಾತರಿ ಕಾಯ್ದೆ ಒಂದು ಹೆಜ್ಜೆ ಮುಂದೆ ಹೋಗಿತ್ತು. ಕೆಲಸದ ಸ್ಥಳಕ್ಕೆ ತಾಯಂದಿರೊಂದಿಗೆ ಆರು ವರ್ಷದೊಳಗಿನ ಐದು ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬಾಕೆಯನ್ನು ನೇಮಿಸಿ ಆಕೆಗೂ ಕೂಲಿ ಕೊಡಬೇಕೆಂದಿತ್ತು. ಮಗುವನ್ನು ನೋಡಿಕೊಳ್ಳುವುದೂ ಕೆಲಸವೇ ಎಂದು ಒಪ್ಪಿದ ಮಾತು ಅದು. ಆದರೆ ತೋಟದ ನಡುವೆ ಒಂದೊಂದು ಮನೆಯಿರುವ, ಒಬ್ಬೊಬ್ಬರ ಬಾವಿ, ಹಟ್ಟಿಯ ಕೆಲಸವೇ ಹೆಚ್ಚಾಗಿರುವ ನಮ್ಮಲ್ಲಿ ಐದು ಕೂಸುಗಳು ಒಂದೆಡೆ ಸೇರುವುದು ಕಷ್ಟ. 2023ರಲ್ಲಿ ರಾಜ್ಯ ಸರಕಾರ 4,000 ಗ್ರಾಮ ಪಂಚಾಯತ್‌ಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ಸಾರಿದ್ದು ಈ ಕೊರತೆಯನ್ನು ಕಂಡೇ. ಊರಿನ ಹೆಂಗಸರಿಗೇ ತರಬೇತಿ ಕೊಟ್ಟು ಕೂಸುಗಳನ್ನು ಒಪ್ಪಿಸುವ ಏರ್ಪಾಡು ಅದು. ಉದ್ಯೋಗ ಖಾತರಿಯ ಜಾಗಕ್ಕೆ ಹೊಸ ಕಾಯ್ದೆಯನ್ನು ಸಂಸತ್ತು 2025ರ ಡಿಸೆಂಬರಿನಲ್ಲಿ ಒಪ್ಪಿದೆ. ಈ ಬದಲಾವಣೆಯಲ್ಲಿ ಕೂಸು ನೋಡುವವಳ ಕೂಲಿ ಕೈಬಿಟ್ಟು ಹೋಗಬಾರದು.

'ಹೆಂಗಸರ ಖಾತೆಗೆ ದುಡ್ಡು ಬರುತ್ತದಲ್ಲ' ಎಂದು ಕೆಲವರು ಕೇಳಬಹುದು. ಗೃಹಲಕ್ಷ್ಮಿಯ 2,000 ರೂಪಾಯಿ, ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ ಖಂಡಿತ ಉಪಕಾರವೇ. ಆದರೆ ದುಡ್ಡು ತೊಟ್ಟಿಲು ತೂಗುವುದಿಲ್ಲ. ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ ನಂಬಿಕೆಯ ಒಬ್ಬರು ಹತ್ತಿರದಲ್ಲಿ ಬೇಕು.

ಅದಕ್ಕೆ ಹೊಸ ಕಟ್ಟಡವೇ ಬೇಕೆಂದಿಲ್ಲ. ಅಂಗನವಾಡಿಯಲ್ಲೇ ಶಿಶುಪಾಲನೆ ಸೇರಿಸುವ ದಾರಿಯನ್ನು ಕೇಂದ್ರದ 'ಪಾಲನಾ' ಯೋಜನೆ 2022ರಲ್ಲಿ ತೆರೆದಿದೆ. ಆರು ತಿಂಗಳ ಕೂಸಿಗೂ ಅದರಲ್ಲಿ ಜಾಗವಿದೆ. ಆದರೆ ಈಗಾಗಲೇ ಹತ್ತು ರಿಜಿಸ್ಟರ್ ಬರೆಯುವ ಕಾರ್ಯಕರ್ತೆಯ ಮಡಿಲಿಗೇ ಇನ್ನಷ್ಟು ಕೂಸುಗಳನ್ನು ಹಾಕಿದರೆ ಹೊರೆ ಮತ್ತೊಂದು ಹೆಗಲಿಗೆ ದಾಟಿತು, ಅಷ್ಟೆ. ಕೂಸುಗಳಿಗೆಂದೇ ಒಬ್ಬಾಕೆ, ಆಕೆಗೆ ಸರಿಯಾದ ಸಂಬಳ ಇರಲಿ. ಗ್ರಾಮಸಭೆಯಲ್ಲಿ ನಾವು ರಸ್ತೆ, ನೀರು ಕೇಳುತ್ತೇವೆ. ಇದನ್ನೂ ಒಮ್ಮೆ ಕೇಳಬಾರದೇ?

ಆ ಹುಡುಗಿ ತಪ್ಪಿಸಿಕೊಂಡ ಪಾಠಗಳನ್ನು ಮಧ್ಯಾಹ್ನದ ಬಿಡುವಿನಲ್ಲಿ ಹೇಳಿಕೊಟ್ಟೆ. ಬೇಗ ಹಿಡಿಯುವವಳು, ಎರಡನೆಯ ಸಲ ಹೇಳಬೇಕಾಗಲಿಲ್ಲ. ಮುಂದಿನ ವಾರ ಮತ್ತೆ ಮೂರು ಗೈರು. ಹಾಜರಿ ಪುಸ್ತಕದಲ್ಲಿ ನಾನು ಗೈರು ಎಂದೇ ಬರೆದೆ. ಬೇರೆ ಬರೆಯಲು ಅಲ್ಲಿ ಜಾಗವಿಲ್ಲ.