ಮುತ್ಯಾ, ಆಯಿ ಹೋಗುವುದು ಕಾವಲಿಗಲ್ಲ
ಬೀದರ್, ಭಾಲ್ಕಿ, ಔರಾದ್ ಕಡೆಯ ಮುತ್ಯಾ, ಆಯಿಗಳೂ ಈಗ ಶೇಂಗಾ ಹಿಂಡಿ ಕಟ್ಟಿಕೊಂಡು, ಹೈದರಾಬಾದಿನಿಂದ ವಿಮಾನ ಹತ್ತಿ ಮೊಮ್ಮಕ್ಕಳಿದ್ದಲ್ಲಿಗೆ ಹೋಗುತ್ತಾರೆ. ಅಮೆರಿಕದಲ್ಲಿ ಪ್ರವಾಸಿ ವೀಸಾದವರಿಗೆ ಸಾಮಾನ್ಯವಾಗಿ ಒಮ್ಮೆಗೆ 6 ತಿಂಗಳಷ್ಟೇ ಅವಕಾಶ. ಕೆನಡಾದ ಸೂಪರ್ ವೀಸಾದಲ್ಲಿ 2022ರಿಂದ ಒಮ್ಮೆಗೆ 5 ವರ್ಷದವರೆಗೂ ಇರಬಹುದು.

ದಿನ ಎಷ್ಟು ಎನ್ನುವುದಕ್ಕಿಂತ ಅವು ಹೇಗೆ ಕಳೆಯುತ್ತವೆ ಎನ್ನುವುದು ಮುಖ್ಯ. ಮಗ, ಸೊಸೆ ಕೆಲಸಕ್ಕೆ ಹೋದ ಮೇಲೆ ಅಡುಗೆ, ಮಗುವಿನ ಕಾವಲು ಎಲ್ಲ ಹಿರಿಯರ ಪಾಲಿಗೇ ಬಂದರೆ ಅದು ಭೇಟಿಯಲ್ಲ, ದುಡಿಮೆ. ಮೊಮ್ಮಗು ಇಂಗ್ಲಿಷ್ ಮಾತ್ರ ಬಲ್ಲದಾದರೆ ಒಂದೇ ಮನೆಯಲ್ಲಿದ್ದೂ ಆಯಿ ಹೊರಗಿನವಳೇ.

ವಿದೇಶದಲ್ಲಿರುವ ಅಣ್ಣ, ಅಕ್ಕಂದಿರೇ, ಟಿಕೆಟ್ ತೆಗೆಸುವ ಮೊದಲೇ ಮಗುವಿನ ಜೊತೆ ಕನ್ನಡ ಶುರು ಮಾಡಿ. ಡಾಬಕಾದಂಥ ಗಡಿಯೂರಿನ ನಮ್ಮ ಮಾತಿನಲ್ಲಿ ಮರಾಠಿ, ಉರ್ದು ಬೆರೆತಿರುತ್ತದೆ. ಅದನ್ನು ತಿದ್ದಲು ಹೋಗಬೇಡಿ, ಮಗು ಅದನ್ನೇ ಕಲಿಯಲಿ. ವಾರಕ್ಕೊಂದು ದಿನವಾದರೂ ಹಿರಿಯರಿಗೆ ಅಡುಗೆಮನೆಯಿಂದ ಬಿಡುವು ಕೊಟ್ಟು ಹೊರಗೆ ಕರೆದೊಯ್ಯಿರಿ.

ಆಗ ಅವರು ಊರಿಗೆ ಮರಳಿದ ಮೇಲೂ ಮಗು ವಿಡಿಯೊ ಕರೆಯಲ್ಲಿ ‘ಹಾಯ್’ ಅಂದು ಓಡಿಹೋಗುವುದಿಲ್ಲ. ಕೂತು ಮುತ್ಯಾನ ಜೊತೆ ಮಾತಾಡುತ್ತದೆ.